ಪಂಚಮಿಗೆ ಊರಿಗೆ ಹೋದಾಗ ಕೆಳಗಿನ ಕೋಣಿಗೆ ಬೂಷ್ಟು ಬರದಂಗ ಮಾಡಿದ್ದು: ನನ್ನ ಅನುಭವ

ನಾವಿರೋದು ಗೋವಾದ ವಾಸ್ಕೋದಾಗ, ಮಾಂಗೋರ್ ಹಿಲ್‌ನ್ಯಾಗ, ಇಳಿಜಾರಿನ ಮನಿ. ರಸ್ತೆ ಕಡಿಂದ ನೋಡಿದ್ರ ಕೆಳಗೊಂದು ಕೋಣಿ ಅದ ಅನ್ನೋದೇ ಗೊತ್ತಾಗಂಗಿಲ್ಲ. ಮೆಟ್ಲ ಇಳದು ಹೋದ್ರ ಒಂದು ಗ್ವಾಡಿ ಪೂರ್ತಿ ಗುಡ್ಡದ ಮಣ್ಣಿಗೆ ಹತ್ತಿಕೊಂಡದ, ಎದುರಿಗೆ ಒಂದು ಕಿಟಕಿ, ಮ್ಯಾಲೊಂದು ವೆಂಟಿಲೇಟರ್, ಬಾಜೂಕ ಸಣ್ಣ ಬಚ್ಚಲ. ನನ್ನ ಹೊಲಿಗಿ ಮಷಿನ್, ಗಿರಾಕಿಗಳ ಬ್ಲೌಸ್ ಪೀಸು, ಫಾಲ್ ಹಚ್ಚಾಕ ಬಂದ ಇಳಕಲ್ ಸೀರಿ ಎಲ್ಲಾ ಅಲ್ಲೇ. ಬ್ಯಾಸಿಗ್ಯಾಗ ಅಂಥಾ ತಂಪು ಕೋಣಿ ಓಣ್ಯಾಗ ಇಲ್ಲ, ಮಳಿಗಾಲದಾಗ ಬಾವ್ಯಾಗ ಇಳದಂಗ ಆಗ್ತದ.

ಶ್ರಾವಣ ಬಂತಂದ್ರ ಪಂಚಮಿಗೆ ಧಾರವಾಡಕ್ಕ ಹೋಗಲೇಬೇಕು, ಅವ್ವ ಉಂಡಿ ಕಟ್ಟಿ ಕಾಯ್ತಿರ್ತಾಳ. ಹದಿನೈದು ಹದಿನೆಂಟು ದಿನ ಮನಿಗೆ ಕೀಲಿ. ಗೋವಾದಾಗ ವರ್ಷಕ್ಕ ಸುಮಾರು 3000 ಮಿಲಿಮೀಟರ್ ಮಳಿ, ಬಹುತೇಕ ಎಲ್ಲಾ ಜೂನ್‌ನಿಂದ ಸೆಪ್ಟೆಂಬರ್ ಒಳಗ, ಅಂದ್ರ ಮನ್ಯಾಗ ಯಾರರ ಇರಬೇಕಾದ ಹೊತ್ತಿನ್ಯಾಗ ಸರಿಯಾಗಿ ನಾವು ಇರಂಗಿಲ್ಲ.

ಮೊದಲನೇ ವರ್ಷ ಏನೂ ತಿಳೀಲಾರದ ಅಂಗಡ್ಯಾಗ ಸಿಗೋ ನೀರು ಹೀರೋ ಡಬ್ಬಿ ಆರು ತಂದು ಮೂಲಿಗೊಂದು ಇಟ್ಟು ಹೋದೆ. ಅದ್ರಾಗ ಇರೋದು ಕ್ಯಾಲ್ಸಿಯಂ ಕ್ಲೋರೈಡ್, ಗಾಳ್ಯಾಗಿನ ನೀರು ಹೀರಿ ತಾನೇ ಕರಗಿ ಕೆಳಗ ನೀರಾಗಿ ಕೂಡ್ತದ. ಕಪಾಟಿನ ಒಂದು ಖಾನೆಗೆ ಅದು ಛಲೋ, ಕೋಣಿಗೆ ಅಲ್ಲ. ಬಂದು ನೋಡಿದ್ರ ಆರೂ ತುಂಬಿ ಮುಗದಿದ್ವು, ಅದ್ರಾಗ ಒಂದನ್ನ ಹೆಗ್ಗಣ ಉರುಳಿಸಿ ಆ ನೀರು ಹೊಲಿಗಿ ಮಷಿನ್ ಮ್ಯಾಲೆ ಬಿದ್ದಿತ್ತು. ಆ ನೀರು ಸಾದಾ ನೀರಲ್ಲ ಮತ್ತ, ಉಪ್ಪಿನ ನೀರು, ಕಬ್ಬಿಣ ತಿಂತದ, ಒರಸಿದ್ರೂ ಜಿಗಿ ಹೋಗಂಗಿಲ್ಲ. ಮಷಿನ್ ರಿಪೇರಿಗೆ ಹೋತು, ಎರಡು ಸೀರಿಗೆ ಬೂಷ್ಟು ಹತ್ತಿತ್ತು, ಗಿರಾಕಿಗೆ ರೊಕ್ಕ ಕೊಟ್ಟೆ, ಮರ್ಯಾದಿ ಹೋಗಿದ್ದು ಬ್ಯಾರೆ.

ಆಮ್ಯಾಲೆ ಕುಂತು ಯೋಚನೆ ಮಾಡಿದೆ, ಈ ನೀರು ಬರೋದಾದ್ರೂ ಎಲ್ಲಿಂದ ಅಂತ. ನಮ್ಮನಿಯವ್ರು ಗ್ವಾಡಿಂದ ಅಂತಾರ, ಪೇಂಟರ್ ಪೇಂಟ್ ಸರಿ ಇಲ್ಲ ಅಂತಾನ. ಒಂದು ದಪ್ಪ ಪ್ಲಾಸ್ಟಿಕ್ ಹಾಳಿ ಕತ್ತರಿಸಿ ನಾಲ್ಕೂ ಕಡೆ ಟೇಪ್ ಬಡದು ಗುಡ್ಡದ ಕಡೆ ಗ್ವಾಡಿಗೊಂದು, ಬಾಜೂ ಗ್ವಾಡಿಗೊಂದು ಹಚ್ಚಿ ಎರಡು ದಿನ ಬಿಟ್ಟೆ. ಗುಡ್ಡದ ಕಡೆದ್ರಾಗ ಹಾಳಿ ಹಿಂದ ನೀರು, ಅಂದ್ರ ಮಣ್ಣಿಂದ ಜಿನುಗೋದು. ಬಾಜೂದ್ರಾಗ ಹಾಳಿ ಮುಂದ, ಕೋಣಿ ಕಡೆ ಹನಿ, ಅಂದ್ರ ಅದು ಗಾಳ್ಯಾಗಿನ ನೀರು, ಫ್ರಿಜ್‌ನಿಂದ ತಗದ ತಂಬಿಗಿ ಮ್ಯಾಲೆ ಹನಿ ಕೂಡ್ತದಲ್ಲ ಹಂಗ. ಹೊರಗಿನ ಬಿಸಿ ತ್ಯಾವದ ಗಾಳಿ ಒಳಗ ಬಂದು ತಂಪು ಗ್ವಾಡಿಗೆ ತಾಕಿದ ಕೂಡ್ಲೇ ನೀರಾಗ್ತದ. ಮತ್ತ ನಾನು "ಗಾಳಿ ಆಡ್ಲಿ" ಅಂತ ಹೋಗೋವಾಗ ವೆಂಟಿಲೇಟರ್ ತಗದಿಟ್ಟು ಹೋಗಿದ್ದೆ! ನಮ್ಮೂರಾಗ ಅದು ಸರಿ, ಮಳಿಗಾಲದ ಗೋವಾದಾಗ ಹೊರಗಿನ ಗಾಳಿನೇ 85-90 ಪರ್ಸೆಂಟ್ ಹಸಿ ಇದ್ರ ಅದು ಒಳಗ ಬಂದು ಏನು ಒಣಗಿಸ್ತದ?

ಗುಡ್ಡದ ಗ್ವಾಡಿ ಕೆಲಸ ಬ್ಯಾಸಿಗ್ಯಾಗ ಮಾಡಿಸಿದ್ವಿ, ಮ್ಯಾಲಿಂದ ಬರೋ ಮಳಿ ನೀರಿಗೆ ಬ್ಯಾರೆ ಗಟಾರ, ಅಷ್ಟ. ಒಳಗಿಂದ ವಾಟರ್‌ಪ್ರೂಫ್ ಬಳಿಸಿದ್ರ ಆತು ಅಂದ್ಕೊಂಡಿದ್ದು ಒಂದ ಮಳಿಗೆ ಹಪ್ಪಳದಂಗ ಎದ್ದು ಬಿತ್ತು, ಚಿರೆಕಲ್ಲಿನ ಗ್ವಾಡಿ ಅದು, ಹಿಂದಿಂದ ನೀರು ದಬ್ಬಿದ್ರ ಮುಂದಿನ ಬಣ್ಣ ಏನು ತಡೀತದ.

ಗಾಳಿಗೆ ಡಿಹ್ಯುಮಿಡಿಫೈಯರ್ ತಗೊಂಡೆ, ಅಂದ್ರ ಗಾಳ್ಯಾಗಿನ ತ್ಯಾವ ಎಳದು ಟ್ಯಾಂಕಿಗೆ ಬಿಡೋ ಮಷಿನ್, ಕಂಪ್ರೆಸರ್ ಇರೋದು. ಡಬ್ಬಿ ಮ್ಯಾಲೆ ದಿನಕ್ಕ 20 ಲೀಟರ್ ಅಂತ ಬರದಿರ್ತದ, ಅದು 30 ಡಿಗ್ರಿ, 80 ಪರ್ಸೆಂಟ್ ಹ್ಯುಮಿಡಿಟಿ (ಗಾಳ್ಯಾಗಿನ ತ್ಯಾವ) ಇದ್ದಾಗಿನ ಲೆಕ್ಕ, ಕೋಣಿ ಒಣಗಿದಂಗ ಅಷ್ಟು ಬರಂಗಿಲ್ಲ, ಬರಬೇಕಾಗೂ ಇಲ್ಲ. ನನ್ನ ಕೋಣಿ 12 ಅಡಿಗೆ 14, ಎತ್ತರ 9. ಅಷ್ಟು ಗಾಳ್ಯಾಗ, 28 ಡಿಗ್ರಿ ಇದ್ದಾಗ, ಇರೋ ನೀರು ಒಟ್ಟು ಒಂದು ಲೀಟರ್‌ನಷ್ಟ. ಆದ್ರ ಟ್ಯಾಂಕ್‌ನ್ಯಾಗ ದಿನಾ 4 ಲೀಟರ್ ಬರ್ತಿತ್ತು. ಎಲ್ಲಿಂದಂದ್ರ ಸಂದಿಯಿಂದ, ತಾಸಿಗೆ ಕೋಣಿಯ ಅರ್ಧ ಗಾಳಿ ಬದಲಾದ್ರೂ ಲೆಕ್ಕ ಅಷ್ಟ ಬರ್ತದ. ವೆಂಟಿಲೇಟರ್‌ಗೆ ಫೋಮ್ ಪಟ್ಟಿ ಹಚ್ಚಿ ಮುಚ್ಚಿ, ಬಾಗ್ಲ ಕೆಳಗ ಹಳೇ ಚಾದರ ಸುತ್ತಿ ತುರುಕಿದೆ, ದಿನಕ್ಕ 2 ಲೀಟರ್‌ಗೆ ಇಳೀತು. ಮೂವತ್ತು ರೂಪಾಯಿ ಪಟ್ಟಿ ಅದು!

ಇಷ್ಟು ಮಾಡಿದ್ರೂ ಎರಡನೇ ವರ್ಷ ಫೇಲ್ ಆತು, ಮತ್ತ ಅದ್ರಾಗ ಮಷಿನ್ ತಪ್ಪೇನೂ ಇದ್ದಿಲ್ಲ. ಟ್ಯಾಂಕ್ ತುಂಬಿದ್ರ ಬಂದ್ ಆಗ್ತದಂತ ಗೊತ್ತಿತ್ತು, ಅದಕ್ಕ ಪೈಪ್ ಹಾಕಿ ಬಚ್ಚಲಿಗೆ ಬಿಟ್ಟಿದ್ದೆ. ಆದ್ರ ನಾವು ಹೊಂಟು ರೈಲು ಕುಳೆಂ ದಾಟಿ ಘಾಟ್ ಏರೋದ್ರಾಗ ಇಲ್ಲಿ ಕರೆಂಟ್ ಹೋಗಿ ಬಂದದ, ಆ ಮಷಿನ್‌ಗೆ ಟಚ್ ಬಟನ್, ಕರೆಂಟ್ ಬಂದ್ರೂ ಮತ್ತ ಯಾರರ ಒತ್ತೋತನಕ ಚಾಲೂ ಆಗಂಗಿಲ್ಲ. ಹದಿನೆಂಟು ದಿನದಾಗ ಅದು ಓಡಿದ್ದು ಒಂದ ಮಧ್ಯಾಹ್ನ. ಸ್ಮಾರ್ಟ್ ಪ್ಲಗ್ ಹಾಕ್ರಿ ಅಂತ ಒಬ್ಬ ಹುಡುಗ ಹೇಳಿದ, ಪ್ಲಗ್ ಕರೆಂಟ್ ಕೊಡ್ತದ, ಬಟನ್ ಯಾರು ಒತ್ತಬೇಕು? ಆ ಮಷಿನ್ ಮಾರಿ ಆಟೋ ರೀಸ್ಟಾರ್ಟ್ ಇರೋದು ತಗೊಂಡೆ. ಅಂಗಡ್ಯಾಗ ಬಾಯಿಮಾತು ಕೇಳಾಕ ಹೋಗಬ್ಯಾಡ್ರಿ, ಅಲ್ಲೇ ಚಾಲೂ ಮಾಡಿಸಿ ವಾಯರ್ ಕಿತ್ತು ಮತ್ತ ಚುಚ್ಚಿ ನೋಡ್ರಿ, ಕಂಪ್ರೆಸರ್ ಒಂದೆರಡು ಮೂರು ನಿಮಿಷ ತಡಮಾಡಿ ಚಾಲೂ ಆಗ್ತದ, ಅಷ್ಟೊತ್ತು ನಿಲ್ರಿ.

ಅವತ್ತಿಂದ ನನ್ನ ತಲ್ಯಾಗ ಇರೋದು ಒಂದ ಪ್ರಶ್ನಿ, ಇದು ಯಾವ್ಯಾವ ಕಾರಣಕ್ಕ ನಿಲ್ಲಬಹುದು? ಎಲೆಕ್ಟ್ರಿಷನ್‌ನ ಕರದೆ. ಹೊರಗಿನ ಲೈಟಿನ ಸ್ವಿಚ್‌ನ್ಯಾಗ ಮಳಿ ನೀರು ಹೊಕ್ಕಾಗೆಲ್ಲಾ ಆರ್‌ಸಿಸಿಬಿ (ಕರೆಂಟ್ ಸೋರಿದ್ರ ತಾನೇ ಬಂದ್ ಆಗೋ ಬ್ರೇಕರ್) ಬಿದ್ದು ಇಡೀ ಮನಿ ಕತ್ತಲಾಗ್ತಿತ್ತು, ಮಷಿನೂ ಅದರ ಜೋಡಿ. ಅದನ್ನ ತಗಸಿಬಿಡ್ರಿ ಅಂದವ್ರೂ ಇದ್ರು, ಹಸಿ ಕೋಣ್ಯಾಗ ಅದನ್ನ ತಗಸೋದಂದ್ರ ಜೀವಕ್ಕ ಎರವು. ಅವ ಮಷಿನ್‌ಗೆ ಬ್ಯಾರೆ ಲೈನ್ ಎಳದು, ಅದಕ್ಕ ಅದರದ್ದೇ ಸುರಕ್ಷಾ ಬ್ರೇಕರ್ ಕೂಡ್ಸಿದ. ಈಗ ಹೋಗೋವಾಗ ಗೀಸರ್, ಮೋಟರ್, ಹೊರಗಿನ ಲೈಟು ಎಲ್ಲಾ ಬಂದ್, ಅದೊಂದ ಚಾಲೂ.

ಪೈಪಿಂದೂ ಒಂದು ಕಥಿನ. ಮಷಿನ್‌ನ ಸ್ಟೂಲ್ ಮ್ಯಾಲೆ ಇಟ್ಟೆ, ಗ್ವಾಡಿಂದ ಒಂದು ಅಡಿ ದೂರ, ಸ್ಟೂಲ್ ಅಲ್ಲಾಡಬಾರದು. ಪೈಪ್ ಉದ್ದಕ್ಕೂ ಇಳೀತಾನ ಹೋಗಬೇಕು, ನಡುವ ಜೋತು ಬಿದ್ರ ಅಲ್ಲಿ ನೀರು ನಿಂತು ಲೋಳಿ ಕಟ್ತದ, ಆಮ್ಯಾಲೆ ನೀರು ವಾಪಸ್ ಟ್ಯಾಂಕಿಗೆ ಹೋಗಿ ಮಷಿನ್ ಬಂದ್. ತುದಿ ನೀರಾಗ ಮುಳುಗಿರಬಾರದು. ಹೋಗೋ ಹಿಂದಿನ ವಾರ ಪೈಪಿಗೆ ಬಿಸಿನೀರು, ವಿನೆಗರ್ ಬಿಟ್ಟು ತೊಳೀತೀನಿ, ಫಿಲ್ಟರ್ ಜಾಡಸ್ತೀನಿ, ಆಮ್ಯಾಲೆ ನಾಲ್ಕು ದಿನ ನಾವು ಮನ್ಯಾಗಿದ್ದಾಗನ ಹಂಗ ಓಡಿಸಿ ನೋಡ್ತೀನಿ. ಈ ನಾಲ್ಕು ದಿನದ ಟ್ರಯಲ್ ಬಿಟ್ರ ಉಳಿದಿದ್ದೆಲ್ಲಾ ಮಾಡಿದ್ರೂ ಅಷ್ಟ ಬಿಟ್ರೂ ಅಷ್ಟ.

ಮಷಿನ್‌ನ ಹ್ಯುಮಿಡಿಟಿ ಸೆಟ್ಟಿಂಗ್ 58 ಪರ್ಸೆಂಟ್. ಮೊದಲು 40ಕ್ಕ ಇಟ್ಟಿದ್ದೆ, ರಾತ್ರಿ ಹಗಲು ನಿಲ್ಲಲಾರದ ಓಡ್ತಿತ್ತು. 70 ದಾಟಿ ದಿನಗಟ್ಟಲೆ ನಿಂತ್ರ ಬೂಷ್ಟು ಏಳ್ತದ, 60ರ ಒಳಗ ಇದ್ರ ಬಟ್ಟಿಗೆ ಏನೂ ಆಗಂಗಿಲ್ಲ, ಹಸ್ತಿನಾಪುರ ಗೆಲ್ಲೋದೇನೂ ಇಲ್ಲಲ್ಲ. ಕೋಣ್ಯಾಗ ಇಟ್ಟ ಹ್ಯುಮಿಡಿಟಿ ಮೀಟರ್ ಸುಳ್ಳು ಹೇಳ್ತದೇನಂತ ಉಪ್ಪಿನಿಂದ ನೋಡಿದೆ: ಬಾಟ್ಲಿ ಮುಚ್ಚಳದಾಗ ಅಡಗಿ ಉಪ್ಪು, ನಾಲ್ಕು ಹನಿ ನೀರು ಹಾಕಿ ಕೆಸರಿನಂಗ ಮಾಡಿ, ಮೀಟರ್ ಜೋಡಿ ಜಿಪ್ ಚೀಲದಾಗ ಇಟ್ಟು ರಾತ್ರಿಯೆಲ್ಲಾ ಬಿಡಬೇಕು, ಮುಂಜಾನೆ 75 ತೋರಸಬೇಕು. ನಂದು 68 ತೋರಸ್ತು! ಅಂದ್ರ ಅದು 58 ಅಂದಾಗ ಖರೇ 65. ಅದಕ್ಕ ಈಗ ಮೀಟರ್ ಮ್ಯಾಲೆ "ಏಳು ಕೂಡಸು" ಅಂತ ಚೀಟಿ ಅಂಟಿಸೀನಿ, ಮಷಿನ್ ಸೆಟ್ಟಿಂಗೂ ಈ ಮೀಟರ್ ನೋಡೇ ಹೊಂದಿಸೀನಿ.

ಸೀರಿ ಮಾತ್ರ ಮಷಿನ್ ಭರೋಸಾದ ಮ್ಯಾಲೆ ಬಿಡಂಗಿಲ್ಲ. ಮ್ಯಾಲಿನ ಕೋಣ್ಯಾಗ ಎರಡು ದಿನ ಫ್ಯಾನಿಗೆ ಹಾಕಿ, ಇಸ್ತ್ರಿ ಮಾಡಿ, ಆರಿದ ಮ್ಯಾಲೆ ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಗೆ, ಜೋಡಿ ಸಿಲಿಕಾ ಜೆಲ್ ಅನ್ನೋ ತ್ಯಾವ ಹೀರೋ ಹರಳು, ಕಿತ್ತಳಿ ಬಣ್ಣದ್ದು ಹಸರಾಗೋ ಜಾತಿ. ಹಸರಾದ್ರ 120 ಡಿಗ್ರಿ ಓವನ್‌ನ್ಯಾಗ ಒಣಗಿಸಿದ್ರ ಮತ್ತ ಕಿತ್ತಳಿ ಆಗ್ತದ. ಬೇವಿನ ಸೊಪ್ಪು, ಕರ್ಪೂರ ಇಡ್ತಾರಲ್ಲ, ವಾಸನಿ ಬರ್ತದ, ಹುಳ ದೂರ ಇರ್ತಾವೇನೋ, ತ್ಯಾವ ಮಾತ್ರ ಒಂದು ಹನಿ ಕಡಿಮಿ ಆಗಂಗಿಲ್ಲ. ಕಪಾಟಿನ್ಯಾಗ 40 ವ್ಯಾಟ್ ಬಲ್ಬ್ ಹಚ್ಚಿಡೋದು ಖರೇನ ಕೆಲಸ ಮಾಡ್ತದ, ಗಾಳಿ ಬಿಸಿಯಾದ್ರ ಹ್ಯುಮಿಡಿಟಿ ಇಳೀತದ, ಆದ್ರ ಬಟ್ಟಿ ನಡುವ ಬಲ್ಬ್ ಹಚ್ಚಿ ಹದಿನೆಂಟು ದಿನ ಊರಿಗೆ ಹೋಗೋ ಧೈರ್ಯ ನನಗಿಲ್ಲ.

ಕೀಲಿ ಬಾಜೂ ಮನಿ ಅಕ್ಕನ ಕೈಯಾಗ, ಬಾಗಲಕೋಟಿ ಕಡೆಯವ್ರು. ನಾಲ್ಕು ದಿನಕ್ಕೊಮ್ಮೆ ಮೀಟರ್ ಫೋಟೋ ಕಳಸ್ರಿ, ಪೈಪಿನಿಂದ ಹನಿ ಬೀಳ್ತದೇನು ನೋಡ್ರಿ ಅಂತ ಹೇಳಿ ಬಂದಿದ್ದೆ. ಮೊದಲ ಎರಡು ಫೋಟೋ 52, 53. ಮೂರನೇದು 81! ಉಂಡಿ ಬಾಯಾಗ ಇದ್ದಂಗನ ಫೋನ್ ಮಾಡಿದೆ.

"ಅಕ್ಕಾ, ಮಷಿನ್ ನಿಂತದೇನ್ರಿ?"

"ಇಲ್ಲವಾ, ಛಲೋ ಓಡ್ಲಿಕ್ಕೆ ಹತ್ತೇದ. ಕೋಣಿ ಭಾಳ ಬಂದ್ ಬಂದ್ ಅನಸ್ತು, ಅದಕ್ಕ ನಿನ್ನೆ ಕಿಟಕಿ ತಗದು ಹೋಗಿದ್ದೆ. ಪಾಪ, ಗಾಳಿ ಆಡ್ಲಿ ಅಂತ."

ನಗು ಬಂತು, ನಾನೂ ಹಂಗ ಮಾಡಿದಾಕಿನ ಅಲ್ಲ. ಕಿಟಕಿ ಹಾಕಿದ್ರು, ಮರುದಿನ ಸಂಜಿಗೆ 55. ಈ ಸಲ ಕಿಟಕಿಗೂ ಒಂದು ಚೀಟಿ ಅಂಟಿಸೀನಿ.

ವಾಪಸ್ ಬಂದಾಗ ಬಾಗ್ಲ ತಗದ ಕೂಡ್ಲೇ ಮೊದಲು ಮೂಗಿಗೆ ಗೊತ್ತಾಗ್ತದ, ಆ ಹಳೇ ಹಸಿ ವಾಸನಿ ಇದ್ದಿಲ್ಲ. ಹೊಲಿಗಿ ಮಷಿನ್ ಚಕ್ರ ಹಂಗೇ ತಿರುಗ್ತು, ಸೀರಿ ಗರಿಗರಿ. ಕರೆಂಟ್ ಮೀಟರ್ ಬರದಿಟ್ಟು ಹೋಗಿದ್ದೆ, 18 ದಿನಕ್ಕ 44 ಯುನಿಟ್ ಓಡಿತ್ತು, ಒಂದು ಸೀರಿ ಹಾಳಾದ್ರ ಕೊಡೋ ರೊಕ್ಕದ ಮುಂದ ಅದೇನೂ ಅಲ್ಲ. ಗುಡ್ಡದ ಗ್ವಾಡಿ ಬುಡದಾಗ ಒಂದು ಮೊಳ ಇನ್ನೂ ಉಪ್ಪು ಏಳ್ತದ, ಅದಕ್ಕ ಬರೋ ಬ್ಯಾಸಿಗಿ ತನಕ ದಾರಿ ಇಲ್ಲ.

ಹಾಂ, ಮ್ಯಾಲಿನ ಮನ್ಯಾಗ ಬಾಗ್ಲ ಹಿಂದ ನಮ್ಮನಿಯವ್ರು ತೊಗಲಿನ ಬೆಲ್ಟ್ ಜೋತು ಹಾಕಿ ಬಂದಿದ್ರು. ಹಸರು ಹಾವಿನಂಗ ಆಗಿತ್ತು, ಪಂಚಮಿ ಮುಗಿಸಿ ಬಂದವ್ರಿಗೆ. ಮ್ಯಾಲಿಗೂ ಒಂದು ಮಷಿನ್ ಬೇಕು ಅಂತ ಈಗ ಅವ್ರ ತಕರಾರು, ಬೆಲ್ಟ್ ಸೀರಿ ಡಬ್ಬ್ಯಾಗ ಹಾಕ್ರಿ ಅಂತ ನಂದು.