ಕೆಸರಿನ ಡಬ್ಬಿಯಿಂದ ಗಡಿಯಾರ ಓಡಿಸಿದ್ದು

ಮೊದಲ ದಿನವೇ ಮಲ್ಟಿಮೀಟರ್ 0.8 ವೋಲ್ಟ್ ತೋರಿಸಿದಾಗ ಅಮ್ಮನನ್ನು ಕೂಗಿ ಕರೆದು ತೋರಿಸಿದ್ದೆ. ಗದ್ದೆಯಿಂದ ತಂದ ಒಂದು ಡಬ್ಬಿ ಕೆಸರು, ಅದರಲ್ಲಿ ಚುಚ್ಚಿದ ತಾಮ್ರದ ತಂತಿ, ಸತು ಲೇಪಿಸಿದ ಒಂದು ಜಿಐ ಮೊಳೆ, ಅಷ್ಟೇ. ಮಣ್ಣಿನ ಬ್ಯಾಕ್ಟೀರಿಯಾ ಕರೆಂಟ್ ಕೊಡ್ತಿವೆ ಅಂತ ಎರಡು ದಿನ ಎಲ್ಲರ ಹತ್ತಿರ ಹೇಳಿಕೊಂಡು ತಿರುಗಿದೆ. ಆಮೇಲೆ ಗೊತ್ತಾಯಿತು, ಬ್ಯಾಕ್ಟೀರಿಯಾಗೂ ಅದಕ್ಕೂ ಸಂಬಂಧವೇ ಇಲ್ಲ. ಮೊಳೆಯ ಮೇಲಿನ ಸತು ಕರಗುತ್ತಾ ಕೊಟ್ಟ ಕರೆಂಟ್ ಅದು. ನಿಂಬೆಹಣ್ಣಿಗೆ ಚುಚ್ಚಿದರೂ ಹೆಚ್ಚುಕಮ್ಮಿ ಅಷ್ಟೇ ಬರುತ್ತದೆ. 1840ರ ದಶಕದಲ್ಲೇ ಸ್ಕಾಟ್ಲೆಂಡಿನ ಗಡಿಯಾರ ತಯಾರಕ ಅಲೆಕ್ಸಾಂಡರ್ ಬೈನ್ ನೆಲದಲ್ಲಿ ಸತು, ತಾಮ್ರದ ತಗಡು ಹೂತು ಗಡಿಯಾರ ಓಡಿಸಿದ್ದ. ಅಂತರ್ಜಾಲದಲ್ಲಿ ಕಾಣುವ ಎಷ್ಟೋ 'ಮಣ್ಣಿನ ಕರೆಂಟ್' ವೀಡಿಯೋಗಳು ಇದೇ ಜಾತಿಯವು.

ಹಾಗಾಗಿ ಎರಡನೇ ಸಲ ಕರಗುವ ಲೋಹವನ್ನೇ ಬಿಟ್ಟೆ. ಹಳೇ ಟಾರ್ಚ್ ಸೆಲ್ ಒಡೆದು ಕಾರ್ಬನ್ ಕಡ್ಡಿ ತೆಗೆದು ನೋಡಿದೆ, ಬ್ಯಾಕ್ಟೀರಿಯಾ ಕೂರೋಕೆ ಅದರಲ್ಲಿ ಜಾಗ ಸಾಲದು. ಕೊನೆಗೆ ಗ್ರಾಫೈಟ್ ಫೆಲ್ಟ್ ತರಿಸಿದೆ. ಕಪ್ಪು ಕಂಬಳಿ ತುಂಡಿನ ಹಾಗಿರುತ್ತದೆ. 10 ಸೆಂ.ಮೀ. ಅಗಲದ ಎರಡು ಬಿಲ್ಲೆ ಕತ್ತರಿಸಿ ಸ್ಟೇನ್‌ಲೆಸ್ ಸ್ಟೀಲ್ ತಂತಿ ಪೋಣಿಸಿದೆ. ಒಂದನ್ನು ಡಬ್ಬಿಯ ತಳದಲ್ಲಿಟ್ಟು, ಮೇಲೆ ಐದಾರು ಸೆಂ.ಮೀ. ಕೆಸರು ಹಾಕಿ, ಗಾಳಿ ಗುಳ್ಳೆ ಉಳಿಯದ ಹಾಗೆ ಒತ್ತಿ, ಇನ್ನೊಂದನ್ನು ಕೆಸರಿನ ಮೇಲೇ ಕೂರಿಸಿದೆ.

ನಡೆಯೋದು ಇಷ್ಟು. ಬ್ಯಾಕ್ಟೀರಿಯಾ ಕೊಳೆತ ಎಲೆ, ಬೇರು ತಿಂದಾಗ ಎಲೆಕ್ಟ್ರಾನ್ ಉಳಿಯುತ್ತದೆ, ಅದನ್ನು ಯಾರಿಗಾದರೂ ದಾಟಿಸಲೇಬೇಕು. ನಾವು ಆಮ್ಲಜನಕಕ್ಕೆ ದಾಟಿಸುತ್ತೇವೆ. ಕೆಸರಿನ ತಳದಲ್ಲಿ ಅದೆಲ್ಲಿ ಬರಬೇಕು? ಜಿಯೋಬ್ಯಾಕ್ಟರ್ ಜಾತಿಯವು ಮಣ್ಣಿನ ಕಬ್ಬಿಣಕ್ಕೆ ದಾಟಿಸಿ ಬದುಕುತ್ತವೆ. 1987ರಲ್ಲಿ ಅಮೆರಿಕದ ಪೊಟೋಮ್ಯಾಕ್ ನದಿಯ ಕೆಸರಲ್ಲಿ ಇವನ್ನು ಮೊದಲು ಕಂಡರು. ನನ್ನ ಡಬ್ಬಿಯಲ್ಲಿ ಅವಕ್ಕೆ ಫೆಲ್ಟ್ ಸಿಕ್ಕಿತು. ಅಲ್ಲಿಂದ ಎಲೆಕ್ಟ್ರಾನ್ ತಂತಿ ಹಿಡಿದು ಮೇಲಿನ ಬಿಲ್ಲೆಗೆ ಬಂದು, ಗಾಳಿಯ ಆಮ್ಲಜನಕ, ಕೆಸರಿನ ಹೈಡ್ರೋಜನ್ ಅಯಾನ್ ಜೊತೆ ಸೇರಿ ನೀರಾಗುತ್ತದೆ.

ಈ ಸಲ ಮೊದಲ ದಿನ ಮೀಟರ್ ಹೆಚ್ಚುಕಮ್ಮಿ ಸೊನ್ನೆ. ನಿಜ ಹೇಳಬೇಕಂದ್ರೆ ಅದನ್ನು ನೋಡಿಯೇ ಖುಷಿಯಾಯಿತು! ಜೀವ ಇರೋದು ಬೆಳೆಯೋಕೆ ಟೈಮ್ ಬೇಕು, ಅಲ್ವಾ? ನಾಲ್ಕನೇ ದಿನ 0.1, ಹನ್ನೆರಡನೇ ದಿನ 0.6 ವೋಲ್ಟ್. ಪಕ್ಕದಲ್ಲೇ ಇನ್ನೊಂದು ಡಬ್ಬಿ ಇಟ್ಟಿದ್ದೆ, ಅದರ ಕೆಸರನ್ನು ಬ್ಯಾಕ್ಟೀರಿಯಾ ಸಾಯಲಿ ಅಂತ ಅಮ್ಮನ ಹಳೇ ಕುಕ್ಕರ್‌ನಲ್ಲಿ ಮುಕ್ಕಾಲು ಗಂಟೆ ಬೇಯಿಸಿದ್ದು (ಆ ಕುಕ್ಕರ್ ಮತ್ತೆ ಅಡುಗೆಗೆ ಬರಲಿಲ್ಲ, ಅದರ ಮಾತು ಬೇಡ). ಎರಡು ವಾರವಾದರೂ ಅದು 0.1 ದಾಟಲಿಲ್ಲ.

ಆದರೆ ಬರೀ ವೋಲ್ಟ್ ನೋಡಿ ಹಿಗ್ಗಬೇಡಿ. ಕರೆಂಟ್ ಹರಿಯಲಿ ಅಂತ 1 ಕಿಲೋಓಮ್ ರೆಸಿಸ್ಟರ್ ಹಾಕಿದ ಕೂಡಲೇ 0.6 ಇದ್ದದ್ದು 0.25ಕ್ಕೆ ಕುಸಿಯಿತು. ಅಂದರೆ ಸುಮಾರು 62 ಮೈಕ್ರೋವ್ಯಾಟ್. 5 ವ್ಯಾಟ್‌ನ ಫೋನ್ ಚಾರ್ಜರ್‌ಗೆ ಸಮ ಮಾಡಲು ಇಂಥ 80,000 ಡಬ್ಬಿ ಬೇಕು.

ವೋಲ್ಟ್ ಜಾಸ್ತಿ ಮಾಡೋಣ ಅಂತ ದೊಡ್ಡ ಟಬ್‌ನಲ್ಲಿ ಮೂರು ಜೋಡಿ ಬಿಲ್ಲೆ ಹೂತು ಸೀರೀಸ್ ಕೊಟ್ಟೆ, ಅಂದರೆ ಒಂದರ ಹಿಂದೆ ಒಂದು ಜೋಡಿಸಿದೆ. ವೋಲ್ಟ್ ಒಂದಕ್ಕೊಂದು ಸೇರಲೇ ಇಲ್ಲ. ಎಲ್ಲಾ ಒಂದೇ ಕೆಸರಲ್ಲಿ ಕೂತಿವೆ, ಒಳಗೊಳಗೇ ಶಾರ್ಟ್. ಬೇರೆ ಬೇರೆ ಡಬ್ಬಿಯೇ ಬೇಕು. ಇನ್ನೊಂದು ಸಲ ಬೇಗ ಬೆಳೆಯಲಿ ಅಂತ ಒಂದು ಲೋಟ ಗಂಜಿ ಸುರಿದೆ. ಮೇಲೆಲ್ಲಾ ಬೂಷ್ಟು, ಒಳಗಿಂದ ಗುಳ್ಳೆ, ವೋಲ್ಟ್ ಪಾತಾಳಕ್ಕೆ, ಮನೆ ತುಂಬಾ ನಾತ. "ಏನೋ ಇದು, ಮನೆಯೊಳಗೇ ಗದ್ದೆ ಮಾಡ್ತೀಯಾ?" ಅಂತ ಅಮ್ಮ ಡಬ್ಬಿಗಳನ್ನೆಲ್ಲಾ ಹಿತ್ತಿಲಿಗೆ ಹಾಕಿದರು. ನೀರಿನ ವಿಷಯವೂ ಹಾಗೇ. ಮೇಲಿನ ಬಿಲ್ಲೆ ಒದ್ದೆ ಇರಬೇಕು, ಮುಳುಗಬಾರದು.

ಈಗ ಮೂರು ಡಬ್ಬಿ ಸೀರೀಸ್‌ನಲ್ಲಿ, ಬಟನ್ ಸೆಲ್ ಹಾಕುವ ಚಿಕ್ಕ ಡಿಜಿಟಲ್ ಗಡಿಯಾರ ಒಂದನ್ನು ಓಡಿಸುತ್ತಿವೆ. ಅದು ಕೆಲವೇ ಮೈಕ್ರೋಆಂಪ್ ಕುಡಿಯುವುದರಿಂದ ಸಾಕಾಗುತ್ತದೆ. ಬೇಸಿಗೆಯಲ್ಲಿ ಒಂದು ವಾರ ಊರಲ್ಲಿರಲಿಲ್ಲ, ಬಂದು ನೋಡಿದರೆ ಕೆಸರು ಬಿರುಕು ಬಿಟ್ಟು ಗಡಿಯಾರ ನಿಂತಿತ್ತು. ನೀರು ಹಾಕಿದೆ. ಮೂರನೇ ದಿನ ತಾನೇ ಶುರುವಾಯಿತು, 12:00 ಅಂತ ಮಿಟುಕಿಸುತ್ತಾ.