ಹೂಳಿಗಿಂತ ಮೊದಲು ಕಾಲುವೆ: ನಮ್ಮೂರ ಕೆರೆ ಸಮಿತಿಯ ಅನುಭವ

2021ರ ನವೆಂಬರ್ ಮಳೆಗೆ ಕೋಲಾರ ಜಿಲ್ಲೆಯಲ್ಲಿ ಎಷ್ಟೋ ಕೆರೆ ಕೋಡಿ ಹೋದವು, ನಮ್ಮದೂ ಹೋಯಿತು. ಅದನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ. 2023ರಲ್ಲಿ ರಾಜ್ಯದ 200ಕ್ಕೂ ಹೆಚ್ಚು ತಾಲ್ಲೂಕುಗಳಿಗೆ ಬರ ಘೋಷಿಸಿದರಲ್ಲ, ಆ ವರ್ಷವೂ ನಮ್ಮ ತೂಬಿನ ಮುಂದೆ ಯುಗಾದಿವರೆಗೆ ದನ ಕುಡಿಯುವಷ್ಟು ನೀರಿತ್ತು. ಹೂಳೆತ್ತುವ ಮೊದಲು ಕೆರೆಗೆ ನೀರು ತರುವ ಪೋಷಕ ಕಾಲುವೆ ತೆಗೆಯಲು ಹೊರಟಾಗ 'ಕಾಲುವೆ ಕೆದಕಿದರೆ ಕೆರೆ ತುಂಬುತ್ತಾ?' ಅಂದವರೇ ಈಗ ಬಂದು ನೋಡಿ ಹೋಗುತ್ತಿದ್ದಾರೆ.

ಅಚ್ಚುಕಟ್ಟು 40 ಹೆಕ್ಟೇರ್ ಒಳಗಿನದು, ಹಾಗಾಗಿ ಕೆರೆ ಪಂಚಾಯಿತಿ ಪಾಲು. ಹಿಂದೆ ಎರಡು ಸಲ ಹೂಳೆತ್ತಿದ್ದರು, ನೀರೇ ಬರಲಿಲ್ಲ. ಈಗ ಮಳೆ ದಿನಗಟ್ಟಲೆ ಜಿನುಗುವುದಿಲ್ಲ, ಗಂಟೆ ಹೊತ್ತು ಹೊಡೆದು ನಿಲ್ಲುತ್ತದೆ. ಆ ಒಂದು ಗಂಟೆಯ ನೀರು ಪೋಷಕ ಕಾಲುವೆ ಹಿಡಿಯದಿದ್ದರೆ ಹೊಲಕ್ಕೆ ನುಗ್ಗಿ ಹಾಳು. ನಮ್ಮ ಕಾಲುವೆ ಗ್ರಾಮ ನಕ್ಷೆಯಲ್ಲಿ ಇತ್ತು, ನೆಲದ ಮೇಲೆ ಅರ್ಧದಷ್ಟೂ ಇರಲಿಲ್ಲ.

ರಾಜ್ಯಕ್ಕೆ ಹವಾಮಾನ ಕ್ರಿಯಾ ಯೋಜನೆ ಇದೆ. ನಮಗೆ ಬೇಕಾದದ್ದು ಪಂಚಾಯಿತಿಯ ಕ್ರಿಯಾ ಯೋಜನೆಯಲ್ಲಿ ಈ ಕಾಲುವೆಯ ಒಂದು ಸಾಲು. ಅದಕ್ಕಾಗಿ ಗ್ರಾಮಸಭೆಗೆ ಹೆಂಗಸರ ಸಂಘದವರನ್ನೆಲ್ಲ ಕರೆತಂದೆವು. ಕೆಲಸ ನರೇಗಾ ಉದ್ಯೋಗ ಖಾತ್ರಿಯಲ್ಲಿ, ಅದರಲ್ಲಿ ಜೆಸಿಬಿ ಇಳಿಸುವ ಹಾಗಿರಲಿಲ್ಲ. ಜಾಬ್ ಕಾರ್ಡಿನವರೇ ಗುದ್ದಲಿ ಹಿಡಿದು ಸುಮಾರು ಒಂದೂವರೆ ಕಿಲೋಮೀಟರ್ ತೆಗೆದರು. ಕೂಲಿ ತಿಂಗಳುಗಟ್ಟಲೆ ತಡವಾಗಿ ಅರ್ಧ ಜನ ಕೆಲಸ ಬಿಟ್ಟರು. ಸಮಿತಿಯಿಂದ ಐವತ್ತು ಸಾವಿರದಷ್ಟು ಕೈಗಡ ಕೊಟ್ಟು ನಿಲ್ಲಿಸಿಕೊಂಡೆವು. ಹೂಳು ತಡೆಯಲು ಕಾಲುವೆ ಬಾಯಿಗೆ ಬಿಡಿಗಲ್ಲು ಪೇರಿಸಿದ್ದು ಮೊದಲ ಜೋರು ಮಳೆಗೇ ಕೊಚ್ಚಿಹೋಯಿತು. ಆಮೇಲೆ ಕಲ್ಲನ್ನು ತಂತಿ ಬಲೆಯೊಳಗೆ ಕಟ್ಟಿದೆವು, ಇಂದಿಗೂ ಗಟ್ಟಿ ನಿಂತಿದೆ.

ಕಾಲುವೆ ಜಾಗ ಒತ್ತುವರಿ ಮಾಡಿದ್ದವರಲ್ಲಿ ಇಬ್ಬರು ಮೊದಲು ಬಗ್ಗಲಿಲ್ಲ. ಅವರು ಹೇಗೆ ಒಪ್ಪಿದರು ಎಂಬುದು ಊರೊಳಗಿನ ಮಾತು, ಇಲ್ಲಿ ಬೇಡ. ಪೊಲೀಸರನ್ನು ಕರೆಯಲಿಲ್ಲ ಎಂದಷ್ಟೇ ಹೇಳುತ್ತೇನೆ.

ಹೂಳಿಗೆ ಕೈ ಹಾಕಿದ್ದು ಇದಾದ ಮೇಲೆ. ನರೇಗಾ ಬಿಟ್ಟು ಸ್ವಂತ ಲೆಕ್ಕದಲ್ಲಿ ಜೆಸಿಬಿ ತಂದೆವು, ಆಗ ಗಂಟೆಗೆ ಸಾವಿರದ ಆಸುಪಾಸು ಬಾಡಿಗೆ. ಗಂಟೆಗೆ ಹತ್ತು ಹನ್ನೆರಡು ಲೋಡು ತುಂಬುತ್ತದೆ. ಹೊಲಕ್ಕೆ ಗೋಡು (ಕೆರೆಯ ಹೂಳು ಮಣ್ಣು) ಬೇಕಾದ ರೈತ ತನ್ನ ಟ್ರ್ಯಾಕ್ಟರ್ ತಂದು ಲೋಡಿಗೆ ನೂರು ರೂಪಾಯಿ ಕಟ್ಟಬೇಕು. ದುಡ್ಡು ಕಟ್ಟಿದ ರೈತ ಲೋಡು ಲೋಡೂ ಎಣಿಸುತ್ತಾನೆ. ಸುಳ್ಳು ಬಿಲ್ಲಿಗೆ ಜಾಗವೇ ಇಲ್ಲ. ಬಾಡಿಗೆ ಕಳೆದು ಇಪ್ಪತ್ತು ಸಾವಿರ ಚಿಲ್ಲರೆ ಉಳಿದು ತೂಬಿನ ರಿಪೇರಿಯೂ ಆಯಿತು. ಇಂಥ ಲೆಕ್ಕ ತೋರಿಸಿದ ಗುತ್ತಿಗೆದಾರನನ್ನು ನಾನಂತೂ ಕಂಡಿಲ್ಲ.

ನಡುವೆ ಇನ್ನೊಂದು ಪ್ರಯೋಗ. ಕೆರೆಯಂಗಳದಲ್ಲಿ ಕಿತ್ತ ಬಳ್ಳಾರಿ ಜಾಲಿಯನ್ನು ಗುಂಡಿಯಲ್ಲಿ ಸುಟ್ಟು, ಬೂದಿಯಾಗುವ ಮುಂಚೆ ನೀರು ಹಾಕಿ ಇದ್ದಿಲು ಮಾಡಿ, ಪುಡಿಯನ್ನು ಗಂಜಲದಲ್ಲಿ ನೆನೆಸಿ, ಕೊಟ್ಟಿಗೆ ಗೊಬ್ಬರದ ಜೊತೆ ಕೊಳೆಸಿ ನನ್ನ ರಾಗಿ ಹೊಲದ ಒಂದು ಮೂಲೆಗೆ ಹಾಕಿದೆ. ಮಳೆ ಕೈಕೊಟ್ಟಾಗ ಆ ಮೂಲೆಯ ಪೈರು ತಡವಾಗಿ ಬಾಡಿತು. ಗಂಜಲದಲ್ಲಿ ಎಷ್ಟು ದಿನ ನೆನೆಸಿದ್ದೆ ಎಂಬುದನ್ನು ಇನ್ನೊಂದು ಬೆಳೆ ನೋಡಿಯೇ ಹೇಳುತ್ತೇನೆ.

ನಮ್ಮದು ಸರಣಿಯ ನಡುವಿನ ಕೆರೆ. ಮೇಲಿನವರ ಕೋಡಿ ನೀರು ನಮಗೆ, ನಮ್ಮದು ಕೆಳಗಿನವರಿಗೆ. ಮೂರೂ ಊರಿನ ಕಾಲುವೆಗಳ ಅಳತೆ ಒಟ್ಟಿಗೆ ಮಾಡಿಸಲು ಮಾತು ನಡೆದಿದೆ. ಕೆಳಗಿನವರು ಒಪ್ಪಿದ್ದಾರೆ, ಮೇಲಿನೂರಿನ ಗ್ರಾಮಸಭೆಗೆ ನಮ್ಮ ಲೆಕ್ಕದ ಪುಸ್ತಕ ತಗೊಂಡು ನಾನೇ ಹೋಗುತ್ತಿದ್ದೇನೆ.