ಗಿಟಾರಿಗೆ ಹೊಸ ಬ್ರಿಡ್ಜ್: ಕಂಪನಿಗಿಂತ ಮೊದಲು ಅಳತೆ

ಮಂಗಳೂರಿನ ಕಡಲ ಗಾಳಿಗೆ ನನ್ನ ಸ್ಟ್ರಾಟ್ (ಫೆಂಡರ್ ಕಂಪನಿಯ ಸ್ಟ್ರಾಟೋಕಾಸ್ಟರ್) ಮಾದರಿಯ ಎಲೆಕ್ಟ್ರಿಕ್ ಗಿಟಾರಿನ ಬ್ರಿಡ್ಜ್, ಅಂದರೆ ಬಾಡಿಯ ಮೇಲೆ ತಂತಿಗಳನ್ನು ಹಿಡಿದಿಡುವ ಲೋಹದ ಭಾಗ, ತುಕ್ಕು ಹಿಡಿದಿತ್ತು. ಒಂದೊಂದು ತಂತಿಯನ್ನು ಹೊರುವ ಸ್ಯಾಡಲ್ ಎಂಬ ತುಂಡುಗಳನ್ನು ಎತ್ತರಿಸುವ ಪುಟ್ಟ ಸ್ಕ್ರೂಗಳು ಅಲುಗುತ್ತಿರಲಿಲ್ಲ. 1.5 ಮಿ.ಮೀ. ಅಲೆನ್ ಕೀ ಹಾಕಿ ತಿರುಗಿಸಿದರೆ ಕೀ ಕೂರುವ ಆರು ಮೂಲೆಯ ತೂತೇ ಸವೆದು ದುಂಡಗಾಗುತ್ತಿತ್ತು. ಸ್ವರ ಬಾಗಿಸಲು ಬ್ರಿಡ್ಜಿಗೆ ಸಿಕ್ಕಿಸಿದ ಬಾರ್ (ಸರಳು) ಒತ್ತಿ ಬಿಟ್ಟರೆ ಶ್ರುತಿಯೂ ಜಾಗಕ್ಕೆ ಮರಳುತ್ತಿರಲಿಲ್ಲ. ಪೂರ್ತಿ ಬ್ರಿಡ್ಜನ್ನೇ ಬದಲಿಸಲು ನಿರ್ಧರಿಸಿದೆ.

ಇಂಥ ಹೊತ್ತಲ್ಲಿ ಎಲ್ಲರೂ ಮೊದಲು ಕೇಳುವುದು ‘ಯಾವ ಕಂಪನಿಯದು ಒಳ್ಳೆಯದು?’ ಎಂದು. ನಾನು ಮೊದಲು ಕೈಗೆತ್ತಿಕೊಂಡದ್ದು ವರ್ನಿಯರ್ ಕ್ಯಾಲಿಪರ್. ಅಳತೆ ಕೂಡದಿದ್ದರೆ ಹಳೆಯ ತೂತುಗಳಿಗೆ ಮರದ ಬೆಣೆ ತುಂಬಿ ಹೊಸದಾಗಿ ಕೊರೆಯಬೇಕು. ಆ ಕೆಲಸವನ್ನು ತಪ್ಪಿಸುವ ದಾರಿ ಇರುವಾಗ ತಪ್ಪಿಸುವುದೇ ಲೇಸು.

ಬ್ರಿಡ್ಜನ್ನು ಬಾಡಿಗೆ ಕೂರಿಸುವ ಆರು ಸ್ಕ್ರೂಗಳಲ್ಲಿ ಮೊದಲನೆಯದರ ತಲೆಯ ಎಡ ಅಂಚಿನಿಂದ ಆರನೆಯದರ ಎಡ ಅಂಚಿಗೆ ಅಳೆದೆ. ತಲೆಗಳೆಲ್ಲ ಒಂದೇ ಗಾತ್ರದವಾದ್ದರಿಂದ ಸ್ಕ್ರೂಗಳ ನಟ್ಟನಡುವಿನ ದೂರ ಸರಿಯಾಗಿ ಸಿಗುತ್ತದೆ, ಕಣ್ಣಂದಾಜಿನ ಗೊಡವೆಯಿಲ್ಲ. ಫೆಂಡರ್‌ನ ಹಳೆಯ ಅಮೆರಿಕನ್ ವಿನ್ಯಾಸದಲ್ಲಿ ಇದು ಸುಮಾರು 56 ಮಿ.ಮೀ. ಏಷ್ಯಾದಲ್ಲಿ ತಯಾರಾಗುವ ಅಗ್ಗದ ಗಿಟಾರುಗಳಲ್ಲಿ ಸಾಮಾನ್ಯವಾಗಿ 52.5. ನನ್ನದೂ 52.5 ಇತ್ತು. ಎರಡು ಅಂಚಿನ ತಂತಿಗಳ, ಅಂದರೆ ಇ ತಂತಿಯಿಂದ ಇ ತಂತಿಗಿರುವ ಅಂತರವನ್ನೂ ಹೀಗೆಯೇ ನೋಡಿಕೊಂಡೆ. ಕಿರಿದಾದ ನೆಕ್ಕಿಗೆ ಅಗಲದ ಬ್ರಿಡ್ಜ್ ಹಾಕಿದರೆ, ನುಡಿಸುವಾಗ ಅಂಚಿನ ತಂತಿ ನೆಕ್ಕಿನ ಮೇಲಿನ ಲೋಹದ ಪಟ್ಟಿಯಾದ ಫ್ರೆಟ್ಟಿನಿಂದಲೇ ಜಾರುತ್ತದೆ.

ಬಹಳ ಮಂದಿ ಮರೆಯುವುದು ಬ್ಲಾಕಿನ, ಅಂದರೆ ಬ್ರಿಡ್ಜಿನ ಅಡಿಯಿಂದ ಬಾಡಿಯೊಳಗೆ ಇಳಿಯುವ ಲೋಹದ ಗಟ್ಟಿಯ, ಆಳ. ಪೂರ್ಣ ದಪ್ಪದ ಸ್ಟ್ರಾಟ್ ಬಾಡಿ ಸುಮಾರು 45 ಮಿ.ಮೀ. ಇರುತ್ತದೆ, ಅದಕ್ಕೆ ಮಾಡಿದ ಬ್ಲಾಕ್ 42ರ ಆಸುಪಾಸು. ನನ್ನ ಗಿಟಾರಿನ ಬಾಡಿ ಬರೀ 40. ಆ ಬ್ಲಾಕ್ ಹಾಕಿದರೆ ಬೆನ್ನಿನಿಂದ ಹೊರಗೆ ಚಾಚಿ ಹೊಟ್ಟೆಗೆ ಒತ್ತುತ್ತದೆ. ಹಾಗಾಗಿ 36 ಮಿ.ಮೀ. ಬ್ಲಾಕ್ ಹುಡುಕಿದೆ. ದಪ್ಪವನ್ನೂ ಬಿಡಲಿಲ್ಲ: ಹಳೆಯ ಬ್ಲಾಕಿಗಿಂತ ತೀರಾ ದಪ್ಪವಾದರೆ ಬಾರ್ ಒತ್ತಿದಾಗ ಒಳಗಿನ ಮರಕ್ಕೆ ತಾಗುತ್ತದೆ.

ಸತು ಮಿಶ್ರಲೋಹ ಬಿಟ್ಟು ಉಕ್ಕಿನ ಬ್ಲಾಕ್ ಆರಿಸಿದೆ. ನಾದ ಹೆಚ್ಚು ಹೊತ್ತು ನಿಲ್ಲುತ್ತದೆ ಎನ್ನುವವರಿದ್ದಾರೆ. ನನಗೆ ಮುಖ್ಯವಾದದ್ದು ಬಾರ್ ಕೂರುವ ತೂತಿನ ಮರೆ (ಥ್ರೆಡ್) ಬೇಗ ಸವೆಯಬಾರದು ಎಂಬುದು. ಸ್ಯಾಡಲ್‌ಗಳು ಮಾತ್ರ ಸ್ಟೇನ್‌ಲೆಸ್ ಸ್ಟೀಲೇ ಆಗಬೇಕೆಂದು ಹಟ ಹಿಡಿದೆ. ಕರಾವಳಿಯಲ್ಲಿ ಗಿಟಾರ್ ನುಡಿಸುವವರಿಗೆಲ್ಲ ನಾನು ಹೇಳುವುದೂ ಅದನ್ನೇ. ಗಿಬ್ಸನ್ ಕಂಪನಿಯ ಲೆಸ್ ಪಾಲ್ ಮಾದರಿಯ ಗಿಟಾರ್ ಇರುವವರಿಗೆ ಲೆಕ್ಕ ಬೇರೆ, ಅವರು ಬ್ರಿಡ್ಜನ್ನು ಹೊರುವ ಎರಡು ಕಂಬಗಳ ನಡುವಿನ ಅಂತರವನ್ನೂ ಕಂಬದ ಮರೆಯ ಅಳತೆಯನ್ನೂ ನೋಡಬೇಕು.

ಕೂರಿಸುವಾಗ ಹೊರಗಿನ ಎರಡು ಸ್ಕ್ರೂ ಹದವಾಗಿ ಇಳಿಸಿ, ಒಳಗಿನ ನಾಲ್ಕನ್ನು ಕೊಂಚ ಮೇಲಕ್ಕೇ ಬಿಟ್ಟೆ. ಆರನ್ನೂ ಬಿಗಿದರೆ ಬ್ರಿಡ್ಜ್ ಸಲೀಸಾಗಿ ಬಾಗದು, ಶ್ರುತಿಯೂ ನಿಲ್ಲದು. ಬ್ರಿಡ್ಜಿನ ಹಿಂತುದಿ ಬಾಡಿಯಿಂದ 3 ಮಿ.ಮೀ. ಮೇಲೆ ನಿಲ್ಲುವಂತೆ, ಬ್ಲಾಕನ್ನು ಹಿಂಬದಿಯಿಂದ ಎಳೆಯುವ ಸ್ಪ್ರಿಂಗುಗಳ ಬಿಗಿ ಹೊಂದಿಸಿದೆ. ಆಮೇಲೆ ಟ್ಯೂನರ್ ಇಟ್ಟುಕೊಂಡು ಒಂದೊಂದೇ ತಂತಿ ಹಿಡಿದೆ: 12ನೇ ಫ್ರೆಟ್ ಒತ್ತಿದ ಸ್ವರ, ಅಲ್ಲೇ ತಂತಿಯನ್ನು ಒತ್ತದೆ ಬರೀ ಮುಟ್ಟಿ ಮೀಟಿದಾಗ ಬರುವ ಹಾರ್ಮೋನಿಕ್‌ಗಿಂತ ಏರಿದ್ದರೆ ಸ್ಯಾಡಲ್ ಹಿಂದಕ್ಕೆ, ಇಳಿದಿದ್ದರೆ ಮುಂದಕ್ಕೆ. ಹೊಸ ತಂತಿ ಎಳೆದು ಹದಕ್ಕೆ ಬಂದ ಮೇಲೆ ಇದನ್ನು ಇನ್ನೊಮ್ಮೆ ಮಾಡಬೇಕು, ಮೊದಲ ದಿನದ ಅಳತೆ ನಿಲ್ಲುವುದಿಲ್ಲ.